ಮೆಷಿನ್ನನ್ನೇ "ಬಂತಾ?" ಎಂದು ಕೇಳಿದ ಗಿರಿಜಮ್ಮ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಸವನಗುಡಿಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಬೆಳಿಗ್ಗೆ ಒಂದು ಶಾಲೆಯಲ್ಲಿ ಮಕ್ಕಳನ್ನು ನೋಡಿ, ಹನ್ನೆರಡರ ಮೇಲೆ ಕ್ಲಿನಿಕ್ ತೆರೆಯುತ್ತಿದ್ದೆ. ನಾನಿಲ್ಲದಾಗ ಬರುವ ಕರೆಗಳಿಗೆಂದು ದುಬೈಯಲ್ಲಿದ್ದ ಅಣ್ಣ ಆನ್ಸರಿಂಗ್ ಮೆಷಿನ್ ತಂದುಕೊಟ್ಟಿದ್ದ. ನಾನು ಮೊದಲೇ ತುಂಬಿಸಿಟ್ಟ ಮಾತು ಕೇಳಿಸಿ, ಆಮೇಲೆ ಕರೆ ಮಾಡಿದವರ ಮಾತನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುವ ಯಂತ್ರ ಅದು. ಬಹಳ ಜನ ಅದರೊಳಗಿನ ಧ್ವನಿಯನ್ನು ನಾನೇ ಎಂದುಕೊಂಡು ಮಾತು ಶುರುಮಾಡಿ, ಉತ್ತರ ಬಾರದೆ ಸಿಟ್ಟಿನಿಂದ ಫೋನ್ ಇಟ್ಟುಬಿಡುತ್ತಿದ್ದರು.

ಚಾಮರಾಜಪೇಟೆಯ ಗಿರಿಜಮ್ಮನವರು ನನ್ನ ಬಳಿ ಬಂದದ್ದು ಪಾರ್ಶ್ವವಾಯು ಬಡಿದ ಮೇಲೆ. ಬಲಗೈ, ಬಲಗಾಲು ಸೋತಿದ್ದವು. ಜೊತೆಗೆ ಅಫೇಸಿಯಾ. ಅಂದರೆ, ಹೇಳಬೇಕಾದ್ದು ಮನಸ್ಸಿನಲ್ಲಿರುತ್ತದೆ, ಪದ ಮಾತ್ರ ನಾಲಿಗೆಗೆ ಬರುವುದಿಲ್ಲ. ಗಂಡ ಚನ್ನಬಸಪ್ಪನವರು ಪೇಟೆಯ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೆಂಡತಿಯ ಆರೈಕೆಗೆ ಮನೆಯಲ್ಲೇ ಉಳಿದಿದ್ದರು.

ಎದುರಿಗೆ ಯಾರಾದರೂ ಇದ್ದರೆ ಗಿರಿಜಮ್ಮ ನಾಚಿ ಸುಮ್ಮನಾಗುತ್ತಿದ್ದರು. ಮೆಷಿನ್ನಿಗೆ ಅವಸರವಿಲ್ಲ, ದಿನಾ ಬೆಳಿಗ್ಗೆ ಫೋನ್ ಮಾಡಿ ಅದಕ್ಕೆ ಒಂದು ವಾಕ್ಯ ಹೇಳಿ ಎಂದೆ. ಎಡಗೈಯಲ್ಲಿ ನನ್ನ ನಂಬರ್ ತಿರುಗಿಸುವುದನ್ನೂ ಅಭ್ಯಾಸ ಮಾಡಿಸಿದೆ. ಇವತ್ತು ತಿಂಡಿ ಉಪ್ಪಿಟ್ಟು, ಹಾಲಿನವನು ಬರಲಿಲ್ಲ, ಇಂಥವೇ ವಾಕ್ಯಗಳು. ಕೆಲವು ದಿನಗಳಾದ ಮೇಲೆ ಚನ್ನಬಸಪ್ಪನವರು ಸಂಕೋಚದಿಂದ ಹೇಳಿದರು: "ಮೇಡಂ, ಇವಳು ಹೇಳಿದ್ದು ಬಂತು ಅಂತ ಒಂದು ಫೋನ್ ಮಾಡ್ಬಿಡಿ. ಇಲ್ದಿದ್ರೆ ಇವಳು ಫೋನ್ ಬಿಟ್ಟು ಊಟಕ್ಕೇ ಏಳಲ್ಲ."

ಅಂದಿನಿಂದ ಕ್ಲಿನಿಕ್ ತೆರೆದೊಡನೆ ನನ್ನ ಮೊದಲ ಕೆಲಸ ಅದೇ ಆಯಿತು.

ಒಂದು ದಿನ ಟೇಪು ಹಾಕಿದರೆ ಬರೀ ಉಸಿರಿನ ಸದ್ದು. ಆಮೇಲೆ, "ಬಿದ್ರು... ರಕ್ತ... ಬಿದ್ರು." ಕೊನೆಗೆ ಮೆಷಿನ್ನನ್ನೇ ಕೇಳಿದರು: "ಬಂತಾ? ...ಬಂತಾ?"

ಬಿದ್ದವರು ಚನ್ನಬಸಪ್ಪನವರೇ ಇರಬೇಕು. ಅವರದು ಮಹಡಿ ಮನೆ. ಮೆಟ್ಟಿಲಿಳಿದು ಯಾರನ್ನಾದರೂ ಕರೆಯುವುದು ಗಿರಿಜಮ್ಮನಿಂದಾಗದು. ಕೆಳಗಿನ ಮನೆಯವರು ಹಗಲೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ಫೋನಿನಲ್ಲಿ ಆಕೆ ಅಭ್ಯಾಸ ಮಾಡಿದ್ದು ನನ್ನ ನಂಬರ್ ಒಂದನ್ನೇ. ತಕ್ಷಣ ಓಡಬೇಕೆನ್ನಿಸಿತು. ಆದರೆ ಆಕೆ ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೋ ಎಂದು ಮೊದಲು ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಬಂತಮ್ಮ. ಡಾಕ್ಟ್ರನ್ನ ಕರ್ಕೊಂಡು ಬರ್ತಿದೀನಿ," ಎಂದೆ. ಆ ಕಡೆ ಅಳು ಕೇಳಿಸಿತು.

ಪಕ್ಕದ ರಸ್ತೆಯ ಡಾಕ್ಟರೊಬ್ಬರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಚನ್ನಬಸಪ್ಪನವರು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಹಣೆ ಒಡೆದಿತ್ತು, ತೊಡೆಯ ಮೂಳೆ ಮುರಿದಿತ್ತು, ಎಚ್ಚರವಿತ್ತು. ನನ್ನ ಕರೆ ಬರುವವರೆಗೆ ಫೋನ್ ಬಿಟ್ಟು ಕದಲದೆ ಕುಳಿತಿದ್ದ ಗಿರಿಜಮ್ಮ, ಆಮೇಲೆ ಅಲ್ಲಿಯವರೆಗೂ ತೆವಳಿಕೊಂಡು ಹೋಗಿ ಸೆರಗನ್ನು ಅವರ ಹಣೆಗೆ ಒತ್ತಿ ಹಿಡಿದಿದ್ದರು. "ಬಂತಂತೆ. ಬರ್ತಾರಂತೆ," ಎಂದು ಗಂಡನ ಕಿವಿಯ ಬಳಿ ಹೇಳುತ್ತಲೇ ಇದ್ದರು. ಆ ಮಾತನ್ನು ನಾನು ಕಲಿಸಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಚನ್ನಬಸಪ್ಪನವರು, "ನೋವು ಅಷ್ಟಾಗಿ ಗೊತ್ತಾಗ್ಲಿಲ್ಲ ಮೇಡಂ, ಇವಳು ಮಾತಾಡ್ತಾ ಇದ್ಲಲ್ಲ," ಎಂದರು. ಕೆಲವು ತಿಂಗಳಲ್ಲಿ ಕೋಲೂರಿಕೊಂಡು ನಡೆದರು ಕೂಡ.

ಮಾತು ಬಾರದವರ ಬಾಯಿಂದ ಮಾತು ಬರಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆಡಿದ ಮಾತು ತಲುಪಿತು ಎಂದು ಅವರಿಗೆ ತಿಳಿಯುವವರೆಗೂ ಅದು ಮುಗಿದಿರುವುದಿಲ್ಲ. ಆಮೇಲೆ ನಿವೃತ್ತಳಾಗುವವರೆಗೂ, ಹೇಳಿದವರಿಗೆ ಫೋನ್ ಮಾಡದೆ ಒಂದು ಟೇಪನ್ನೂ ನಾನು ಅಳಿಸಲಿಲ್ಲ.