ಚಿಕನ್ ಸೆಂಟರ್ ವಿನೋದನೂ ರಕ್ತ ಕುಡಿಯುವ ಹುಡುಗನೂ

ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಸ್ಸಿಳಿದು ಯಾರನ್ನೇ ಕೇಳಿ, ವಿನೋದನ ಚಿಕನ್ ಸೆಂಟರ್ ತೋರಿಸುತ್ತಾರೆ. ಪಕ್ಕದ ಟೈಲರಿಂಗ್ ಅಂಗಡಿ ನನ್ನದು. ಅರ್ಧ ಊರಿನ ಬ್ಲೌಸುಗಳನ್ನು ನಾನೇ ಹೊಲಿದರೂ ಅದನ್ನು ಯಾರೂ ತೋರಿಸುವುದಿಲ್ಲ. ಇರಲಿ, ಇದು ನನ್ನ ಕಥೆಯಲ್ಲ, ವಿನೋದನದು. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಹಲಗೆಯ ಗೋಡೆ, ಅವನ ಮನೆಯಿರುವುದು ಅಂಗಡಿಯ ಹಿಂದೆಯೇ. ಹಾಗಾಗಿ ಶೈಲಜ ಕದ್ದು ಕೇಳಿದಳು ಎಂದು ಯಾರೂ ಹೇಳಬೇಡಿ. ಕೇಳದೆ ಇರಬೇಕಾದರೆ ನಾನು ಕಿವಿ ಹೊಲಿದುಕೊಳ್ಳಬೇಕಾಗಿತ್ತು.

ವಿನೋದ ಮಾತಿನಲ್ಲಿ ಜಿಪುಣ. ಅವನ ತಾತನ ಕಾಲದಲ್ಲೇ ಕರ್ನಾಟಕದ ಕೋಟೆ ಕಡೆಯಿಂದ ಗಡಿ ದಾಟಿ ಬಂದು ಇಲ್ಲಿ ನೆಲೆಸಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ಎರಡು ಭಾಷೆ ಗೊತ್ತಿದ್ದೂ ಅವನು ದಿನವಿಡೀ ಆಡುತ್ತಿದ್ದದ್ದು ಎರಡೇ ಮಾತು. ‘ಎಷ್ಟು ಕಿಲೋ?’, ‘ಸ್ಕಿನ್ ಬೇಕಾ?’ ಇವೆರಡರಲ್ಲೇ ಮೂವತ್ತೆರಡು ವರ್ಷ ದಾಟಿಸಿದ್ದ. ಕೊನೆಗೆ ಅವನ ತಾಯಿ ಚಾಮುಂಡಮ್ಮ ಊಟ ಬಿಟ್ಟು ಕೂತಾಗ ಮದುವೆಗೆ ಒಪ್ಪಿದ. ಕಾಡಿನಾಚೆಯ ಅಂತರಸಂತೆಯಿಂದ, ಹೊಗೆಸೊಪ್ಪು ಬೇಯಿಸುವವರ ಮನೆಯಿಂದ ಹೆಣ್ಣು ತಂದರು. ಹುಡುಗಿ ಅರ್ಚನಾಗೂ ಮನಸ್ಸಿರಲಿಲ್ಲವಂತೆ. ಒಬ್ಬರಿಗೂ ಬೇಡದ ಮದುವೆಗೆ ಇನ್ನೂರು ಜನ ಉಂಡರು, ನಾನೂ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಆಮೇಲೆ ಮೂರು ತಿಂಗಳು ಹಲಗೆಯ ಆಚೆಯಿಂದ ನನಗೆ ಕೇಳಿಸಿದ್ದು ‘ಊಟ ಆಯ್ತಾ’, ‘ಆಯ್ತು’. ನನಗೆ ಸಿಟ್ಟೇ ಬರುತ್ತಿತ್ತು. ಇಷ್ಟು ಚೆಂದದ ಹುಡುಗಿಯನ್ನು ತಂದು ಇವನು ಕೋಳಿಯ ಲೆಕ್ಕದಲ್ಲಿ ನೋಡುತ್ತಾನಲ್ಲ ಎಂದು.

ಇವರ ನಡುವೆ ರಕ್ತ ಕುಡಿಯುವ ಹುಡುಗ ಬಂದದ್ದು ರದ್ದಿಯ ಮೂಲಕ. ಕೋಳಿ ಕಟ್ಟಿಕೊಡಲು ವಿನೋದ ಹಳೆಯ ಮಲಯಾಳಂ ವಾರಪತ್ರಿಕೆಗಳನ್ನು ತೂಕಕ್ಕೆ ಕೊಳ್ಳುತ್ತಾನೆ. ಒಂದು ದಿನ ಅರ್ಚನಾ ಅದರಲ್ಲೊಂದು ಹಾಳೆ ನೋಡಿದಳು. ಬಿಳಿಚಿಕೊಂಡ ಒಬ್ಬ ಹುಡುಗ, ಕೋರೆಹಲ್ಲು, ಅವನ ಎದೆಗೆ ಒರಗಿದ ಒಬ್ಬ ಹುಡುಗಿ. ಹುಡುಗನ ತುಟಿಯ ಮೇಲೆ ರಕ್ತದ ಹನಿ. ಅದು ಚಿತ್ರದ ರಕ್ತವಲ್ಲ, ನಮ್ಮ ಕೋಳಿಯದೇ.

ಅದು ಆಗ ನಮ್ಮೂರಿನ ಹೈಸ್ಕೂಲು, ಪ್ಲಸ್ ಟು ಹುಡುಗಿಯರ ತಲೆ ಕೆಡಿಸಿದ್ದ ಧಾರಾವಾಹಿ. ನನ್ನ ಮಗಳು ವಿದ್ಯ ಶುಕ್ರವಾರ ಪತ್ರಿಕೆ ಬರುವ ಹೊತ್ತಿಗೆ ಅಂಗಡಿಯ ಮುಂದೆ ಕಾದು ನಿಲ್ಲುತ್ತಿದ್ದಳು. ಕಥೆ ಏನೆಂದರೆ, ಇವಾನ್ ಎಂಬ ರಕ್ತ ಕುಡಿಯುವ ಹುಡುಗ ಒಂದು ಟೀ ಎಸ್ಟೇಟಿನ ಬಂಗಲೆಯಲ್ಲಿರುತ್ತಾನೆ. ವಯಸ್ಸು ಮುನ್ನೂರು, ಆದರೆ ನಿಲಾ ಎಂಬ ಹುಡುಗಿಯ ಕ್ಲಾಸಿನಲ್ಲಿ ಓದುತ್ತಾನೆ. ಅವಳ ಮೇಲೆ ಪ್ರೀತಿ, ಅವಳ ರಕ್ತದ ಮೇಲೆ ಆಸೆ. ಕಚ್ಚಲೋ ಬೇಡವೋ ಎಂಬುದರಲ್ಲೇ ವಾರಗಟ್ಟಲೆ ಸಾಗುತ್ತದೆ.

ಅರ್ಚನಾಗೆ ಮಲಯಾಳಂ ಓದಲು ಬಾರದು. ಪೇಟೆಯ ನಾಲ್ಕು ಮಾತು ಅರ್ಥವಾಗುತ್ತಿತ್ತು, ಕಥೆಯ ಮಲಯಾಳಂ ತಲೆಗೆ ಹತ್ತುತ್ತಿರಲಿಲ್ಲ. ಆ ಹಾಳೆ ಹಿಡಿದು ಅವಳು ಗಂಡನ ಹತ್ತಿರ ಮೊದಲ ಬಾರಿಗೆ ಏನನ್ನೋ ಕೇಳಿದಳು.

“ರೀ, ಇದ್ರಾಗೆ ಏನಿದೆ ಓದಿ ಹೇಳ್ರೀ.”

ಪಾಪ, ಅವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಾಗೆ ಶುರುವಾಯಿತು. ವಿದ್ಯ ಓದಿ ಮುಗಿಸಿದ ಪತ್ರಿಕೆ ಆಚೆಗೆ ಹೋಗುವುದು, ಸಂಜೆ ಅಂಗಡಿ ತೊಳೆದಾದ ಮೇಲೆ ವಿನೋದ ಮಲಯಾಳಂ ನೋಡಿಕೊಂಡು ಕನ್ನಡದಲ್ಲಿ ಹೇಳುವುದು, ಹೆಂಡತಿಯ ಜೊತೆಗೆ ತಾಯಿಯೂ ಎಲೆಅಡಿಕೆ ಹಾಕಿಕೊಂಡು ಕೂತು ಕೇಳುವುದು. ಕರೆಂಟ್ ಬಿಲ್ಲು ಓದುವ ದನಿಯಲ್ಲಿ ಅವನು ಪ್ರೇಮಕಥೆ ಓದುತ್ತಿದ್ದ. ನಡುನಡುವೆ ಗೊಣಗಾಟ ಬೇರೆ.

“ಮುನ್ನೂರು ವರ್ಷ ಆಗದೆ, ಇನ್ನೂವೆ ಪ್ಲಸ್ ಟು ಪಾಸಾಗಿಲ್ಲ. ಇಂಥೋನ್ನ ಯಾವ ಹುಡುಗಿ ಒಪ್ತಾಳೆ?”

“ನೀವು ಓದ್ರೀ.”

“ಎದುರಿಗೆ ರಕ್ತ ಇದ್ದೂ ಕುಡೀಲಿಲ್ಲ ಅಂತ ಇವನ್ನ ಅಷ್ಟು ಹೊಗಳ್ತಾರಲ್ಲ. ನಾನು ಬೆಳಿಗ್ಗೆಯಿಂದ ರಕ್ತದೊಳಗೇ ನಿಂತಿರ್ತೀನಿ. ಒಂದು ಹನಿ ಮುಟ್ಟದೆ ಮನೆಗೆ ಬತ್ತೀನಿ. ನನ್ನ ಯಾರು ಹೊಗಳಿದ್ರು?”

ಅರ್ಚನಾ ನಕ್ಕಳು. ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದು ಚೂಡಿದಾರದ ತೋಳನ್ನು ತಿರುವುಮುರುವು ಹೊಲಿದುಬಿಟ್ಟೆ.

ಆದರೆ ಒಂದು ತೊಡಕಿತ್ತು. ಇವಾನ್ ನಿಲಾಳ ಹತ್ತಿರ ಬಂದಾಗಲೆಲ್ಲ ವಿನೋದ ತಡವರಿಸುತ್ತಿದ್ದ. ಎದುರಿಗೆ ಹೆತ್ತ ತಾಯಿ ಕೂತಿರುವಾಗ ಕೆನ್ನೆ, ತುಟಿ, ಕೊರಳು ಎಂದೆಲ್ಲ ಓದುವುದು ಹೇಗೆ? ಅವನು ಒಂದು ಉಪಾಯ ಕಂಡುಕೊಂಡ. ಅಂಥ ಜಾಗ ಬಂದರೆ ಹಾಳೆ ಮಗುಚಿ, ‘ಆಮೇಲೆ ಇಬ್ಬರೂ ಮಾತಾಡಿಕೊಂಡರು’ ಎನ್ನುತ್ತಿದ್ದ. ಕಾಡಿನಲ್ಲಿ ಮಾತಾಡಿಕೊಂಡರು, ಬಂಗಲೆಯ ಮೆಟ್ಟಿಲ ಮೇಲೆ ಮಾತಾಡಿಕೊಂಡರು, ಮಂಜಿನಲ್ಲಿ ಅರ್ಧ ದಿನ ಮಾತಾಡಿಕೊಂಡರು.

“ಎಷ್ಟು ಮಾತಾಡ್ತವೆ ಕಣಪ್ಪ ಇವು,” ಎನ್ನುತ್ತಿದ್ದರು ಚಾಮುಂಡಮ್ಮ. “ಬೇರೆ ಕೆಲ್ಸನೇ ಇಲ್ವಾ?”

ಹಲಗೆಯ ಈಚೆ ವಿದ್ಯ ಬಾಯಿಗೆ ಬಟ್ಟೆ ತುರುಕಿಕೊಂಡು ಹೊರಳಾಡುತ್ತಿದ್ದಳು. ಕೊನೆಗೆ ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಆಷಾಢಕ್ಕೆ ಇನ್ನು ಎರಡು ದಿನ ಇದೆ ಎನ್ನುವಾಗ, ಬ್ಲೌಸಿನ ಅಳತೆ ಕೊಡಲು ಬಂದ ಅರ್ಚನಾಗೆ ಹೇಳಿಯೇಬಿಟ್ಟಳು.

“ಚೇಚಿ, ಅವರು ಮಾತಾಡಿದ್ದಲ್ಲ. ಉಮ್ಮ ಕೊಟ್ಟದ್ದು.”

ಉಮ್ಮ ಎಂದರೆ ಮುತ್ತು ಎಂದು ಅರ್ಚನಾಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು, ಹಳೆಯ ವಾರಗಳನ್ನೆಲ್ಲ ವಿದ್ಯಳ ಬಾಯಿಂದ ಕೇಳಿದಳು. ಕೇಳುತ್ತ ಕೇಳುತ್ತ ಮುಖ ಕೆಂಪಾಯಿತು, ನಾಚಿಕೆಗೆ ಅರ್ಧ, ಸಿಟ್ಟಿಗೆ ಅರ್ಧ.

ಆ ಸಂಜೆ ಹಲಗೆಯ ಆಚೆ ಅವಳ ದನಿ ನೇರವಾಗಿತ್ತು. “ಕಥೇಲಿ ಪ್ರೀತಿ ಬಂದ ಕಡೆಯೆಲ್ಲ ನೀವು ತಿಂದ್ಹಾಕಿದ್ದೀರಿ. ಮನೇಲೂ ಅಷ್ಟೇಯ, ಕಥೇಲೂ ಅಷ್ಟೇಯ. ನಾನು ಆಷಾಢಕ್ಕೆ ಹೋಯ್ತೀನಿ. ಪೂರ್ತಿ ಹೇಳೋಕೆ ನಿಮಗೆ ಬಾಯಿ ಬಂದ್ರೆ ವಾಪಸ್ ಬತ್ತೀನಿ. ಇಲ್ದಿದ್ರೆ ಅಲ್ಲೇ ಇರ್ತೀನಿ.”

ಆಮೇಲೆ ಕೇಳಿಸಿದ್ದು, ವಿನೋದ ತೊಳೆದ ಅಂಗಡಿಯನ್ನೇ ಮತ್ತೆ ತೊಳೆಯುವ ಸದ್ದು. ಹಲಗೆಗೆ ಒದೆಯಬೇಕೆನಿಸಿತು ನನಗೆ.

ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಆ ಕಡೆ ಸುಳಿಯಬಾರದು. ಚಾಮುಂಡಮ್ಮ ಇದರಲ್ಲಿ ಬಲು ಕಟ್ಟುನಿಟ್ಟು. ಅರ್ಚನಾ ಬ್ಯಾಗು ಹಿಡಿದು ಬಸ್ಸು ಹತ್ತಿದಳು. ಮೊದಲ ಶುಕ್ರವಾರ ವಿನೋದ ಫೋನಿನಲ್ಲಿ ಓದಲು ನೋಡಿದ. ಅಲ್ಲಿ ಅವಳ ಸುತ್ತ ಅಣ್ಣ, ಅತ್ತಿಗೆ, ದೊಡ್ಡಮ್ಮ. ಇಲ್ಲಿ ಇವನ ಹಿಂದೆ ತಾಯಿ. ನಿಲಾ ಇವಾನನ ಕೈ ಹಿಡಿದ ತಕ್ಷಣ ಇವನ ಬಾಯಿಂದ ‘ಮಾತಾಡಿಕೊಂಡರು’ ಜಾರಿತು. ಆ ಕಡೆ ಫೋನು ಕಟ್ಟಾಯಿತು.

ಆ ರಾತ್ರಿ ಅವನು ಉಣ್ಣಲಿಲ್ಲವಂತೆ. ಮಾರನೆಯ ದಿನ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, ನನ್ನ ಹತ್ತಿರ ಮೊದಲ ಬಾರಿ ಕಿಲೋಗೆ ಸಂಬಂಧವಿಲ್ಲದ ಮಾತಾಡಿದ.

“ಶೈಲಜಕ್ಕ, ಅವಳು ಬರದೇ ಹೋದ್ರೆ ನಾನೇನು ಮಾಡ್ಲಿ?”

“ನನ್ನ ಕೇಳಬೇಡ. ಅವಳನ್ನ ಕೇಳು. ಬಾವಲಿಯ ತನಕ ಹೋದ್ರೆ ಅತ್ತೆಮನೆಗೆ ಹೋದ ಹಾಗೆ ಆಗಲ್ಲ.”

ಅದು ಅವನ ತಲೆಗೆ ಹೊಳೆದಿರಲಿಲ್ಲ. ಬಾವಲಿಯಲ್ಲಿ ಹೊಳೆ ದಾಟಿದರೆ ಕರ್ನಾಟಕ. ಅವಳ ಊರಿನ ಬಸ್ಸು ಕಾಡಿನೊಳಗೆ ಹಾದು ಅಲ್ಲಿಗೇ ಬರುತ್ತದೆ. ಮುಂದಿನ ಶುಕ್ರವಾರ ವಿನೋದ ತಾಯಿಗೆ ‘ಕೋಳಿ ನೋಡಿಕೊಂಡು ಬತ್ತೀನಿ’ ಎಂದು ಹೇಳಿ, ಪತ್ರಿಕೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕು ಹತ್ತಿದ. ಅವನು ಮೊದಲೇ ಫೋನು ಮಾಡಿ ಕರೆದಿದ್ದ, ಅವಳು ಬಸ್ಸಿನಲ್ಲಿ ಬಂದಳು. ಚೆಕ್‌ಪೋಸ್ಟಿನ ಹತ್ತಿರ ಚಹಾದ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಒಂದು ಕೊಡೆಯ ಕೆಳಗೆ ಕೂತರು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಕೆಂಚ. ಕಾಡಿನ ಹಾಡಿಯವನು, ಗೇಟಿನಲ್ಲಿ ವಾಚರು, ಅವನ ಖಾಕಿ ಅಂಗಿ ಹೊಲಿಯುವುದು ನಾನೇ. ವಿನೋದ ಮೊದಲು ಬೆವರಿದನಂತೆ, ಎರಡು ಸಲ ಕೆಮ್ಮಿದನಂತೆ, ಆಮೇಲೆ ಕಣ್ಣು ಮುಚ್ಚಿಕೊಂಡು ಓದಿದನಂತೆ.

“ಕಣ್ಣು ಮುಚ್ಚಿಕೊಂಡು ಹ್ಯಾಗೋ ಓದ್ತಾರೆ?” ಎಂದೆ.

“ಒಂದೊಂದು ಸಾಲು ನೋಡಾದು, ಕಣ್ಣು ಮುಚ್ಚಾದು, ಹೇಳಾದು. ‘ನಿಲಾ, ನಿನ್ನ ಕೊರಳ ನಾಡಿ ನನಗೆ ದೂರದಿಂದಲೇ ಕೇಳಿಸುತ್ತದೆ’ ಅಂದ. ಚಾಯ ಕುಡೀತಿದ್ದೋರೆಲ್ಲ ಗ್ಲಾಸು ಕೆಳಗಿಟ್ರು. ನಾನಂದೆ, ಕೊರಳಿಗೆ ಹತ್ತೋ ಜಿಗಣೆಗೆ ಉಪ್ಪು ಹಚ್ಚಿದ್ರೆ ಬಿಟ್ಟೋಯ್ತದೆ, ಆ ಹುಡುಗಿಗೆ ಹೇಳು ಅಂತ. ಆ ತಾಯಿ ನನ್ನ ನೋಡಿದ ನೋಟ, ನಾನು ಗೇಟಿಗೆ ಓಡೋದೆ.”

ಹೀಗೆ ಪ್ರತಿ ಶುಕ್ರವಾರ. ಕಥೆಯಲ್ಲಿ ಇವಾನ್ ರಕ್ತಕ್ಕೆ ಹೊರಡುವುದು ಹೊತ್ತು ಮುಳುಗಿದ ಮೇಲೆ. ಇವರಿಬ್ಬರು ಹೊತ್ತು ಮುಳುಗುವ ಮೊದಲೇ ಎದ್ದು ಹೋಗಬೇಕು, ಆರು ಗಂಟೆಗೆ ಕಾಡಿನ ಗೇಟು ಹಾಕುತ್ತಾರೆ. ಅದರೊಳಗೆ ಅವಳ ಕಡೆಯ ಬಸ್ಸು ಹೊರಡಬೇಕು. ಇವಾನ್ ಮುತ್ತು ಕೊಡುವ ಹೊತ್ತಿಗೆ ಸರಿಯಾಗಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಡ್ರೈವರು ‘ಕೊಟ್ನಾ ಇಲ್ವಾ, ಬೇಗ ಹೇಳಪ್ಪ’ ಎಂದು ಕೂಗುತ್ತಿದ್ದನಂತೆ. ವಿನೋದ ಸಂಜೆ ಒಂದೂ ಕೋಳಿಯಿಲ್ಲದೆ, ಮೈಯೆಲ್ಲ ಒದ್ದೆಯಾಗಿ, ಹಾಡು ಗುನುಗುತ್ತ ಮನೆಗೆ ಬರುತ್ತಿದ್ದ. ಆದರೂ ಅರ್ಚನಾ ಮರಳಿ ಬರುವ ಮಾತು ಎತ್ತಿರಲಿಲ್ಲ. ಅವನಿಗೂ ಕೇಳುವ ಧೈರ್ಯ ಬಂದಿರಲಿಲ್ಲ.

ಕೊನೆಯ ಶುಕ್ರವಾರದ ಹೊತ್ತಿಗೆ ಕರ್ಕಟಕ ಮಾಸ ಶುರುವಾಗಿತ್ತು. ಇಲ್ಲಿ ಬಹಳ ಜನ ಆಗ ಮಾಂಸ ಮುಟ್ಟುವುದಿಲ್ಲ, ಅಂಗಡಿಯಲ್ಲಿ ನೊಣಕ್ಕೂ ಬೇಜಾರು. ವಿನೋದ ಬೇಗನೇ ಹೊರಟ. ಬಾವಲಿಯಲ್ಲಿ, ಅವಳ ಎದುರಿಗೆ ಪತ್ರಿಕೆ ಬಿಡಿಸಿದಾಗ ನೋಡುತ್ತಾನೆ, ಧಾರಾವಾಹಿಯೇ ಇಲ್ಲ. ಬರೆಯುವವರಿಗೆ ಜ್ವರ, ಈ ವಾರ ಕ್ಷಮಿಸಿ ಎಂದು ಮೂಲೆಯಲ್ಲಿ ಎರಡು ಸಾಲು. ಉಳಿದ ಹಾಳೆಯ ತುಂಬ ಪ್ರೆಶರ್ ಕುಕ್ಕರಿನ ಜಾಹೀರಾತು.

ಅವಳು ಕಾಡು ದಾಟಿ ಅಷ್ಟು ದೂರ ಬಂದಿದ್ದಳು. ಇನ್ನೊಂದು ಶುಕ್ರವಾರ ಇರಲಿಲ್ಲ. ವಿನೋದ ಕುಕ್ಕರನ್ನು ನೋಡುತ್ತ ಓದತೊಡಗಿದ. ಇದನ್ನು ಅರ್ಚನಾಳೇ ನನಗೆ ಹೇಳಿದ್ದು, ಹೇಳುವಾಗ ಅವಳ ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು.

“ಇವಾನ್ ಹೇಳಿದ,” ಎಂದು ಅವನು ಓದಿದ. “ನಿಲಾ, ನಾನು ಸೋಪು ಹಾಕಿ ಎಷ್ಟು ತೊಳೆದರೂ ಕೈಯ ವಾಸನೆ ಹೋಗೋದಿಲ್ಲ. ನಿನಗೆ ಅಸಹ್ಯ ಆಗುತ್ತೆ ಅಂತ ದೂರ ಕೂರ್ತೀನಿ. ನೀನು ಹೋದ ಮೇಲೆ ನಿನ್ನ ಹಸಿರು ಬಕೆಟ್ಟು ಬಚ್ಚಲಲ್ಲಿ ಒಣಗಿ ಕೂತದೆ. ಅದನ್ನ ನೋಡಿದ್ರೆ ನನಗೆ ಅನ್ನ ಇಳಿಯಲ್ಲ. ನೀನು ಬರದೇ ಹೋದ್ರೆ ನನಗೆ ಬದುಕೋಕೆ ಬರಲ್ಲ.”

“ಅವನು ಬಂಗಲೇಲಿ ಇರೋನು. ಅವನ ಬಚ್ಚಲಲ್ಲಿ ಬಕೆಟ್ ಯಾಕೆ?” ಎಂದಳು ಅವಳು.

“ಈ ವಾರ ಬಂದದೆ.”

ಅವಳು ಬಾಗಿ ಹಾಳೆಯನ್ನು ನೋಡಿದಳು. ಕುಕ್ಕರು ಕಂಡಿತು. ಅಕ್ಷರ ಬಾರದವಳಿಗೂ ಕುಕ್ಕರು ಗೊತ್ತಾಗುತ್ತದೆ. ಅವಳು ಏನೂ ಕಾಣದವಳ ಹಾಗೆ ಕೂತಳು.

“ನಿಲಾ ಏನಂದ್ಲು?”

ವಿನೋದ ಹಾಳೆ ಮಗುಚಿದ, ಮತ್ತೆ ಮಗುಚಿದ. “ಅದು ಇದ್ರಲ್ಲಿ ಇಲ್ಲ.”

“ನಾನು ಹೇಳ್ತೀನಿ ಕೇಳಿ. ನಿಲಾನ ಅಪ್ಪ ಹೊಗೆಸೊಪ್ಪು ಬೇಯಿಸೋನು. ಹುಟ್ಟಿದಾಗಿಂದ ಆ ವಾಸನೇಲೇ ಮಲಗಿ ಎದ್ದೋಳು ಅವಳು. ಕೋಳಿ ವಾಸನೆಗೆಲ್ಲ ಹೆದರಾಕಿಲ್ಲ. ಹತ್ರ ಕೂತ್ಕೊ ಅಂತಾಳೆ.”

ಬಸ್ಸು ಹಾರನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಕೆಂಚ ಗೇಟಿನ ಹಗ್ಗ ಹಿಡಿದು, “ತಾಯಿ, ಹೊತ್ತಾಯ್ತು” ಎಂದ. ಅರ್ಚನಾ ಕೂತಲ್ಲಿಂದಲೇ ಡ್ರೈವರಿಗೆ ಹೋಗಿ ಎಂದು ಕೈಬೀಸಿದಳು. ಬಸ್ಸು ಕಾಡಿನೊಳಗೆ ಹೋಯಿತು, ಗೇಟು ಬಿತ್ತು, ಅವಳು ಈ ಕಡೆಯೇ ಉಳಿದಳು. ಚಹಾದಂಗಡಿಯವನು ಆ ಸಂಜೆ ಯಾರ ಹತ್ತಿರವೂ ಕಾಸು ತೆಗೆದುಕೊಳ್ಳಲಿಲ್ಲವೆಂದು ಕೆಂಚ ಹೇಳುತ್ತಾನೆ, ನಾನು ನಂಬುವುದಿಲ್ಲ.

ಬೈಕಿನ ಹಿಂದೆ ಕೂತು ಬಂದಳು. ಆದರೆ ಆಷಾಢ ಮುಗಿದಿರಲಿಲ್ಲ, ಅತ್ತೆಯ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಸೊಸೆ ನನ್ನ ಮನೆಯಲ್ಲಿ ಉಳಿದಳು. ವಿನೋದ ದಿನಕ್ಕೆ ಹತ್ತು ಸಲ ‘ಶೈಲಜಕ್ಕ, ಸೂಜಿ ಇದೆಯಾ’ ಎಂದು ಬರುತ್ತಿದ್ದ. ಕೋಳಿ ಕಡಿಯುವವನಿಗೆ ಅಷ್ಟು ಸೂಜಿ ಯಾಕೆಂದು ನಾನು ಕೇಳಲಿಲ್ಲ. ಚಾಮುಂಡಮ್ಮ ನೋಡಿಯೂ ನೋಡದ ಹಾಗೆ ಇದ್ದರು.

ಆಷಾಢ ಕಳೆಯಿತು, ಅರ್ಚನಾ ಮನೆ ಹೊಕ್ಕಳು, ಬರೆಯುವವರ ಜ್ವರ ಬಿಟ್ಟಿತು, ಮುಂದಿನ ಶುಕ್ರವಾರ ಕಥೆ ಬಂತು. ಸಂಜೆ ಮೂವರೂ ಕೂತರು. ವಿನೋದ ಓದುತ್ತ ಹೋದ. ಇವಾನ್ ನಿಲಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ ಎನ್ನುವಲ್ಲಿಗೆ ಬಂದು ನಿಂತುಬಿಟ್ಟ. ಹಲಗೆಯ ಈಚೆ ನಾನೂ ವಿದ್ಯಳೂ ಉಸಿರು ಬಿಗಿ ಹಿಡಿದೆವು. ಮತ್ತೆ ಮಾತಾಡಿಸಿಬಿಡುತ್ತಾನೋ ಎಂದು ನನಗೆ ನಿಜವಾಗಿ ಭಯವಾಯಿತು.

ಚಾಮುಂಡಮ್ಮ ಎಲೆಅಡಿಕೆಯ ಚೀಲ ಎತ್ತಿಕೊಂಡು ಎದ್ದರು.

“ನಾನು ಕೋಳಿಗೆ ನೀರು ಮಡಗಿ ಬತ್ತೀನಿ. ಮುಂದಕ್ಕೆ ಓದು ಮಗ.”

“ನೀನು ಕೇಳಲ್ವಾ ಅವ್ವ?”

“ನಂಗೆ ವಿದ್ಯ ಮಧ್ಯಾಹ್ನವೇ ಹೇಳ್ತು. ಪ್ರತಿ ವಾರ ಹೇಳ್ತದೆ. ಶುರುವಿಂದ್ಲೂ ಹೇಳ್ತದೆ.” ಬಾಗಿಲ ಹತ್ತಿರ ನಿಂತು ಅವರು ಮತ್ತೆ ಅಂದರು, “ಬಿಟ್ಟು ಬಿಟ್ಟು ಓದಬ್ಯಾಡ. ಹೆತ್ತೋರ ಬಿಟ್ಟು ಕಾಡು ದಾಟ್ಕಂಡು ಬಂದದೆ ಕೂಸು, ಪೂರ್ತಿ ಕೇಳ್ಲಿ.”

ನಾನು ಮಗಳ ಕಡೆ ತಿರುಗಿದೆ. ಅವಳು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿದ್ದಳು. ಆಚೆ ವಿನೋದ ಒಂದು ಸಲ ಕೆಮ್ಮಿದ. ನಾನು ಮಷೀನು ನಿಲ್ಲಿಸಿದೆ. ಅವನು ಓದಿದ, ಒಂದು ಸಾಲೂ ಬಿಡಲಿಲ್ಲ.