ವನಜತ್ತೆ ಎತ್ತಿದ ಚಮಚದ ತಕರಾರು

ವನಜತ್ತೆಗೆ ಯಾರ ಮನೆಯ ಚಮಚದ ಮೇಲೂ ನಂಬಿಕೆಯಿರಲಿಲ್ಲ. ಮಗುವಿಗೆ ಔಷಧಿ ಹಾಕಲು ಯಾರಾದರೂ ಚಮಚ ತೆಗೆದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, ಅದನ್ನು ಕೈಯಿಂದ ಕಿತ್ತುಕೊಂಡು, "ಇದು ಯಾವ ಹೋಟೆಲಿನದ್ದು?" ಎಂದು ಕೇಳುತ್ತಿದ್ದಳು.

ಪ್ರಶ್ನೆ ಅಧಿಕಪ್ರಸಂಗದ್ದಾಗಿರಲಿಲ್ಲ. ಮುಂಬಯಿ ಪಕ್ಕದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ಹೆಚ್ಚಿನ ಗಂಡಸರು ಡೊಂಬಿವಲಿ, ಕಲ್ಯಾಣದ ಹೋಟೆಲುಗಳಲ್ಲಿದ್ದರು. ಅಲ್ಲಿ ಸವೆದ ಚಮಚಗಳು ಇಲ್ಲಿ ಬಂದು ಸಂಸಾರ ಹೂಡುತ್ತಿದ್ದವು. ಒಂದು ಮನೆಯದು ಸಾಂಬಾರಿನದ್ದು, ಪಕ್ಕದ ಮನೆಯದು ಐಸ್‌ಕ್ರೀಮಿನದ್ದು. ಬಾಯಲ್ಲಿ ಮಾತ್ರ ಅಳತೆ ಒಂದೇ, "ಅರ್ಧ ಚಮಚ". ಸಾಲದ್ದಕ್ಕೆ, ಒಬ್ಬರ ಮಗುವಿನ ಹೊಟ್ಟೆನೋವಿನ ಔಷಧಿ ಉಳಿದರೆ ಆ ಬಾಟ್ಲಿ ಮುಂದಿನ ಬಾಣಂತಿಯ ಮನೆಗೆ ಹೋಗಬೇಕೆಂಬುದು ನಮ್ಮ ಮಹಡಿಯ ಪದ್ಧತಿ.

ವನಜತ್ತೆ ನನ್ನ ಅಪ್ಪನ ಅಕ್ಕ. ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಕೆಲಸ. ಮದುವೆಯಾಗಿರಲಿಲ್ಲ, ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಳು. ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಾಗೆಲ್ಲ ಜನ ಕಾಲೇಜನ್ನು ಹೊಗಳುತ್ತಿದ್ದರು. ನಾನು ವಾದ ಕಲಿತದ್ದು ಅವಳ ಸೋಫಾದ ಮೇಲೆ. ಚಿಕ್ಕಂದಿನಲ್ಲಿ ಹೊಟ್ಟೆನೋವೆಂದು ಹೇಳಿ ಶಾಲೆ ತಪ್ಪಿಸಲು ನೋಡಿದರೆ ಪಾಟೀಸವಾಲು ಶುರುವಾಗುತ್ತಿತ್ತು. "ಎಲ್ಲಿ ನೋವು? ಒಂದು ಬೆರಳಲ್ಲಿ ತೋರಿಸು. ವಾಂತಿ ಉಂಟಾ? ಜ್ವರ? ನಿನ್ನೆ ಎಂತ ತಿಂದದ್ದು?" ನಾನು ತಡವರಿಸಿದರೆ, "ಇದಕ್ಕೆ ಔಷಧಿ ಶಾಲೆ. ನಡಿ" ಎನ್ನುತ್ತಿದ್ದಳು. ನೋವು ನಿಜವಾಗಿದ್ದಾಗಲೂ ಕ್ರಮ ಬದಲಾಗುತ್ತಿರಲಿಲ್ಲ. "ಮೊದಲು ಎಂತ ಅಂತ ಗೊತ್ತಾಗ್ಲಿ. ಔಷಧಿ ಮತ್ತೆ."

ಅದೊಂದು ಭಾನುವಾರ ಮೂಲೆಮನೆಯ ಸರೋಜಕ್ಕನ ಮೊಮ್ಮಗ ಅಳು ನಿಲ್ಲಿಸಲಿಲ್ಲ. ಮೂರು ತಿಂಗಳ ಕೂಸು, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಕೆಂಪಾಗಿ ಚೀರುತ್ತಿತ್ತು. ಮಹಡಿಯ ಬಾಟ್ಲಿ ಅಲ್ಲಿಗೆ ತಲುಪಿಯಾಗಿತ್ತು. ಹನಿ ಹಾಕುವ ಡ್ರಾಪರ್ ಯಾವ ಮನೆಯಲ್ಲೋ ಕಳೆದುಹೋಗಿತ್ತು. ಸರೋಜಕ್ಕ ಹೋಟೆಲಿನ ಚಮಚಕ್ಕೆ ಬಗ್ಗಿಸುವಷ್ಟರಲ್ಲಿ ಅತ್ತೆ ಬಾಟ್ಲಿ ಹಿಡಿದುಕೊಂಡಳು.

"ಇದು ಡ್ರಾಪ್ಸ್, ಸರೋಜಕ್ಕ. ಹನಿ ಲೆಕ್ಕದಲ್ಲಿ ಕೊಡುವಂಥದ್ದು. ಚಮಚದಲ್ಲಿ ಕೊಟ್ಟರೆ ಕೂಸಿಗೆ ಎಷ್ಟು ಹೋಗ್ತದೆ ಗೊತ್ತುಂಟಾ? ಅದೂ ಆರು ತಿಂಗಳ ಒಳಗಿನವರಿಗೆ ಕೊಡ್ಲೇಬಾರದು ಅಂತ ಇಲ್ಲೇ ಬರೆದಿದ್ದಾರೆ."

"ಬರೆಯುವವರು ಸಾವಿರ ಬರೀತಾರೆ. ನಾನು ನಾಲ್ಕು ಮಕ್ಕಳನ್ನು ಹೀಗೇ ಸಾಕಿದ್ದು ಮಾರಾಯ್ತಿ."

"ನಾಲ್ಕೂ ಉಳಿದದ್ದು ನಿಮ್ಮ ಪುಣ್ಯ. ಚಮಚದ್ದಲ್ಲ."

ಸರೋಜಕ್ಕ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. "ಕೂಸಿನ ಸಂಕಟ ಹೆತ್ತವಳಿಗೆ ಗೊತ್ತು. ನಿನಗೆ ಎಂತ ಗೊತ್ತು?"

ಪ್ಯಾಸೇಜಿನಲ್ಲಿ ನೆರೆದವರು ನೆಲ ನೋಡಿದರು. ಅತ್ತೆಯ ಮುಖ ಕೆಂಪಾಯಿತು, ಹಿಡಿತ ಸಡಿಲವಾಗಲಿಲ್ಲ.

"ಲೇಬಲ್ ಓದ್ಲಿಕ್ಕೂ ಹೆರಬೇಕಾ?"

ಹಾಗೆಂದವಳೇ ಔಷಧಿಯನ್ನು ಸಿಂಕಿಗೆ ಸುರಿದು, ಕೂಸಿನ ತಾಯಿ, ಸರೋಜಕ್ಕನ ಸೊಸೆ ಶೋಭಾಳ ಕಡೆ ತಿರುಗಿದಳು. "ನಿನ್ನ ಮಗು. ನೀನು ಹೇಳು, ಡಾಕ್ಟರ ಹತ್ರ ಹೋಗುವಾ?" ಶೋಭಾ ವನಜತ್ತೆಯ ಮುಖವನ್ನೂ ಸರೋಜಕ್ಕನ ಮುಖವನ್ನೂ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿದಳು. ನಾನೂ ರಿಕ್ಷಾ ಹತ್ತಿದೆ.

ಡೊಂಬಿವಲಿಯ ಡಾಕ್ಟರು ಕೂಸಿನ ತೂಕ ನೋಡಿ, ಹೊಟ್ಟೆ ಮುಟ್ಟಿ, "ಗ್ಯಾಸ್ ಆಹೆ", ಗ್ಯಾಸ್ ಅಷ್ಟೇ, ಎಂದು ಮರಾಠಿಯಲ್ಲಿ ಹೇಳಿದರು. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಲು ಹೇಳಿದರು. ಆ ವಯಸ್ಸಿಗೆ ಸಲ್ಲುವ ಬೇರೆ ಹನಿ ಬರೆದು, ಅದರದ್ದೇ ಡ್ರಾಪರಿನಲ್ಲಿ ಯಾವ ಗೆರೆಯವರೆಗೆ ತುಂಬಬೇಕೆಂದು ತೋರಿಸಿದರು. ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ, ಗಟ್ಟಿ ಹೊಟ್ಟೆ, ಹಾಲು ಬೇಡವೆನ್ನುವುದು, ಇವುಗಳಲ್ಲಿ ಯಾವುದು ಕಂಡರೂ ಹನಿ ಹಾಕುತ್ತ ಕೂರದೆ ತಕ್ಷಣ ಕರೆತನ್ನಿ ಎಂದರು.

ಸರೋಜಕ್ಕ ಬಾಗಿಲಲ್ಲೇ ಕಾದಿದ್ದರು. "ಗ್ಯಾಸ್ ಅಂತ ನಾನೂ ಹೇಳಿದ್ದೆ. ಅಷ್ಟಕ್ಕೆ ರಿಕ್ಷಾ, ಡಾಕ್ಟರು!"

"ರೋಗ ನೀವು ಸರಿಯಾಗೇ ಹೇಳಿದ್ರಿ," ಎಂದಳು ಅತ್ತೆ. "ಚಮಚ ತಪ್ಪು."

ಆ ಮಗುವಿನ ಅನ್ನಪ್ರಾಶನಕ್ಕೆ ಇಡೀ ಮಹಡಿಗೆ ಕರೆ ಬಂತು, ಅತ್ತೆಯೊಬ್ಬಳನ್ನು ಬಿಟ್ಟು. ನಾನು ಕುದಿದುಹೋದೆ. "ಹೋಗಿ ಕೇಳು ಅತ್ತೆ!" ಎಂದೆ. ಅವಳು ಬೀನ್ಸ್ ಮುರಿಯುತ್ತಿದ್ದಳು. "ಎಂತ ಕೇಳುವುದು? ಕೂಸಿಗೆ ಏನೂ ಆಗ್ಲಿಲ್ಲ. ಆಗದ್ದಕ್ಕೆ ನಾನು ಸಾಕ್ಷಿ ಎಲ್ಲಿಂದ ತರ್ಲಿ?"

ಆಮೇಲೆ ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ. ತಪ್ಪಿಹೋದ ಅನಾಹುತಕ್ಕೆ ಅಂಕ ಕೊಟ್ಟ ನಿರ್ಣಾಯಕರನ್ನು ಈವರೆಗೆ ಕಂಡಿಲ್ಲ. ಅಂಕ ಸಿಗದ ವಾದವನ್ನು ಅವಳಷ್ಟು ಹಟದಿಂದ ಮಾಡಿದವರನ್ನೂ ಕಂಡಿಲ್ಲ. ಕೊನೆಯವರೆಗೂ ಈ ಮಹಡಿಯಲ್ಲಿ ಮಗು ಅತ್ತಾಗೆಲ್ಲ ಅವಳು ಹೋದಳು, ಕರೆಯದಿದ್ದರೂ, ಬೈಸಿಕೊಂಡರೂ.

ಈಗ ಎದುರು ಫ್ಲ್ಯಾಟಿಗೆ ಬೀಗ. ಅತ್ತೆ ಹೋಗಿ ಒಂದು ಮಳೆಗಾಲ ಕಳೆದಿದೆ. ನನ್ನ ಅತ್ತಿಗೆಗೆ ಹೆರಿಗೆಯಾಗಿದ್ದರಿಂದ ನಿನ್ನೆ ನಮ್ಮ ಮನೆಗೆ ಹೊಸದೊಂದು ಹಳೆಯ ಬಾಟ್ಲಿ ಬಂತು. ಡ್ರಾಪರ್ ಇಲ್ಲ. "ಅರ್ಧ ಚಮಚ ಸಾಕು" ಎಂದರು ತಂದವರು. ಅವರು ಇನ್ನೂ ಬಾಗಿಲಲ್ಲಿದ್ದಾಗಲೇ ಸಿಂಕಿಗೆ ಸುರಿದೆ.

"ಮದುವೆಯಾಗದ ಹುಡುಗಿ, ನಿನಗೆ ಎಂತ ಗೊತ್ತು?" ಎಂದರು.

ಉತ್ತರ ಹುಡುಕಬೇಕಾಗಿ ಬರಲಿಲ್ಲ.