ಮಾಸು ಓದುವ ಸೊಸೆ

ನನ್ನ ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು "ಆಸ್ಪತ್ರೆಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಹಾರಿಸುತ್ತಿದ್ದೆ. ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಬೀಳುವ ಮಾಸನ್ನು ತಟ್ಟೆಯಲ್ಲಿಟ್ಟುಕೊಂಡು ದಿನವಿಡೀ ನೋಡುತ್ತಾಳೆ ಎಂದರೆ ಊಟಕ್ಕೆ ಕುಳಿತವರು ಎದ್ದು ಹೋದಾರು. ಅವಳಿಗೆ ಅದರ ಪರಿವೆಯೇ ಇಲ್ಲ. "ಕಸದ ಬಕೆಟ್ಟಿನ ವಿಜ್ಞಾನಿ ಅಂತ ಹೇಳಿ ಅತ್ತೆ" ಎಂದು ನಗುತ್ತಾಳೆ.

ಒಮ್ಮೆ ಕಣ್ಣು ತೋರಿಸಲು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ತನ್ನ ಲ್ಯಾಬಿಗೂ ಕರೆದೊಯ್ದಳು. ಮಹಡಿಯ ಮೇಲೊಂದು ಉದ್ದನೆಯ ಕೋಣೆ. ಹಳೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದೆ ಅದಕ್ಕೆ ಬ್ಯಾಂಡೇಜು ಬಟ್ಟೆ ಬಿಗಿದಿದ್ದರು. ಸೊಸೆ ಗಾಜಿನ ಭರಣಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೊಂದು ಮರ! ಕೆಂಪು ಕೊಂಬೆ, ನೀಲಿ ಕೊಂಬೆ, ಕೊಂಬೆಗೆ ಕವಲು, ಕವಲಿನ ತುದಿಗೆ ಕೂದಲೆಳೆಯಂಥ ಚಿಗುರು. ಮಾಸಿನ ರಕ್ತನಾಳಗಳಿಗೆ ಬಣ್ಣದ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಾಂಸವನ್ನು ಕರಗಿಸಿದರೆ ಉಳಿಯುವುದು ಇದಂತೆ.

"ಇದು ನನ್ನ ಹೊಟ್ಟೇಲಿತ್ತಾ?" ಎಂದೆ.

"ನಾಲ್ಕು ಸಲ ಅತ್ತೆ. ಪ್ರತಿ ಸಲವೂ ಹೊಸದು. ಕೆಲಸ ಮುಗೀತು ಅಂತ ತಾನೇ ಬಿದ್ದುಹೋಗುತ್ತೆ."

ನಾಲ್ಕು ಹೆತ್ತವಳು ನಾನು. ನಾಲ್ಕು ಸಲವೂ ಅದನ್ನು ಕಣ್ಣೆತ್ತಿ ನೋಡಿದವಳಲ್ಲ.

ಪಕ್ಕದ ಭರಣಿಯ ಮರ ಮಾತ್ರ ಸೊರಗಿತ್ತು. ಏಕೆಂದು ಕೇಳಿದೆ.

"ಆ ತಾಯಿಗೆ ಏಳನೇ ತಿಂಗಳಲ್ಲಿ ಬಿ.ಪಿ. ಏರಿ ಫಿಟ್ಸ್ ಬಂತು. ಮೊದಲೇ ಕಂಡುಹಿಡಿಯೋಕೆ ಆಗುತ್ತಾ ಅಂತಾನೇ ನಾನು ನೋಡ್ತಿರೋದು."

"ಆಕೆ ಈಗ?"

ಅವಳು ಭರಣಿಯನ್ನು ಮೆಲ್ಲನೆ ಕೆಳಗಿಟ್ಟಳು.

ಆ ಲ್ಯಾಬಿನ ಕೆಳಗೇ ಹೆಂಗಸರ ಕ್ಲಿನಿಕ್. ಬಸುರಿಯರ ತಪಾಸಣೆ, ಸದ್ಯಕ್ಕೆ ಮಕ್ಕಳು ಬೇಡ ಎನ್ನುವವರಿಗೆ ಮಾತ್ರೆ, ಗರ್ಭ ತೆಗೆಸಬೇಕಾಗಿ ಬಂದವರಿಗೆ ಬೈಗುಳವಿಲ್ಲದ ಚಿಕಿತ್ಸೆ. ಈ ವರ್ಷ ಲ್ಯಾಬಿನ ಅನುದಾನವನ್ನೂ ನಿಲ್ಲಿಸಿ, ಕ್ಲಿನಿಕ್ಕನ್ನೂ ಮುಚ್ಚುವ ಮಾತು ಹೊರಟಿತು. ಎಲ್ಲರ ಎದುರು ವಿಚಾರಿಸಿ ತೀರ್ಮಾನಿಸಲು ಒಂದು ಕಮಿಟಿ ಬರುವುದೆಂದಾಯಿತು.

ಕಮಿಟಿ ಬರುವ ಹಿಂದಿನ ಸಂಜೆ ಅವಳ ಮೇಲಧಿಕಾರಿ ಮನೆಗೇ ಬಂದರು. ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ.

"ನೋಡಮ್ಮ, ಲ್ಯಾಬಿನ ವಿಷಯ ಮಾತ್ರ ಮಾತಾಡಿ. ಹಣ ಬರೋ ಹಾಗೆ ನಾನು ನೋಡ್ಕೊಳ್ತೀನಿ. ಕ್ಲಿನಿಕ್ಕಿನ ಸುದ್ದಿ ಎತ್ತಬೇಡಿ, ಅದು ಕೆಲವರಿಗೆ ಆಗಲ್ಲ."

"ಸರ್, ನನಗೆ ಮಾಸು ಕೊಡೋರು ಆ ಕ್ಲಿನಿಕ್ಕಿನ ಹೆಂಗಸರೇ."

"ಇಷ್ಟು ವರ್ಷದ ಕೆಲಸ ನೀರುಪಾಲಾಗುತ್ತಲ್ಲಮ್ಮಾ!"

"ಗೊತ್ತು ಸರ್. ಟೀ ಆರ್ತಿದೆ, ತಗೊಳ್ಳಿ."

ಅವರು ಹೋದ ಮೇಲೆ ನನ್ನ ಮಗ ಶುರುಮಾಡಿದ. "ನಾಳೆ ಒಂದು ದಿನ ಜಾಣೆ ಥರ ಇರು. ಹಣ ಕೊಡಿ, ತಾಯಂದಿರನ್ನ ಉಳಿಸ್ತೀವಿ ಅಂತ ಹೇಳಿ ಕೂತ್ಕೋ."

"ಉಳಿಸ್ತೀವೋ ಇಲ್ವೋ ನಂಗಿನ್ನೂ ಗೊತ್ತಿಲ್ವಲ್ರೀ!"

"ನೋಡಮ್ಮ ಇವಳನ್ನ! ಮದುವೆಗೆ ಮುಂಚೆ, ನಾನು ಇಷ್ಟ ಆದೆನಾ ಅಂತ ಕೇಳಿದ್ರೆ, 'ಇದುವರೆಗೆ ಹೌದು' ಅಂದವಳು."

ಮರುದಿನ ಸಭೆಯಲ್ಲಿ ನಾನೂ ಮಗನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಮೈಕು ಎತ್ತರವಾಗಿತ್ತು; ಸೊಸೆ ಅದನ್ನು ಬಗ್ಗಿಸಿಕೊಂಡು ಲ್ಯಾಬಿನ ಬಗ್ಗೆ ಹೇಳಿದಳು, ಮಾತು ನಿಲ್ಲಿಸದೆ ಕ್ಲಿನಿಕ್ಕಿಗೂ ಬಂದಳು. ಮೇಲಧಿಕಾರಿ ಕಣ್ಣು ಮುಚ್ಚಿಕೊಂಡರು.

ಕಮಿಟಿಯ ಅಧ್ಯಕ್ಷರು ಕೇಳಿದರು: "ನಿಮ್ಮ ಸಂಶೋಧನೆಯಿಂದ ಇದುವರೆಗೆ ಎಷ್ಟು ತಾಯಂದಿರು ಉಳಿದಿದ್ದಾರೆ?"

"ಇನ್ನೂ ಯಾರೂ ಇಲ್ಲ."

ಸಭೆಯಲ್ಲಿ ಗುಸುಗುಸು. ಮಗ ಹಣೆ ಚಚ್ಚಿಕೊಂಡ.

"ಮತ್ತೆ ಆ ಕ್ಲಿನಿಕ್ಕು?"

"ಅದು ವಾರ ವಾರ ಉಳಿಸ್ತಿದೆ. ಬಿ.ಪಿ. ನೋಡೋದು, ಮೈ ಸುಧಾರಿಸೋ ಮುಂಚೆ ಮತ್ತೆ ಬಸುರಾಗದ ಹಾಗೆ ನೋಡ್ಕೊಳ್ಳೋದು, ತಾಯಿ ಜೀವಕ್ಕೆ ಕುತ್ತು ಬಂದಾಗ ಗರ್ಭ ತೆಗೆಯೋದು. ಇದಕ್ಕೆಲ್ಲ ಹೊಸದಾಗಿ ಏನೂ ಕಂಡುಹಿಡೀಬೇಕಿಲ್ಲ. ಬಾಗಿಲು ತೆರೆದಿದ್ರೆ ಸಾಕು."

"ಒಂದಕ್ಕೇ ಹಣ ಇದೆ ಅಂದ್ರೆ ಯಾವುದಕ್ಕೆ ಕೊಡೋಣ?"

ಅವಳು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಎರಡಕ್ಕೂ ಕೊಡಿ ಅಂತ ಕೇಳೋಕೇ ಬಂದಿದ್ದು. ಒಂದೇ ಅಂತ ಹಟ ಹಿಡಿದ್ರೆ, ಕ್ಲಿನಿಕ್ಕಿಗೆ ಕೊಡಿ. ಆದ್ರೆ ಲ್ಯಾಬ್ ಮುಚ್ಚಿದ್ರೆ, ಏಳನೇ ತಿಂಗಳಲ್ಲಿ ಫಿಟ್ಸ್ ಬಂದ ತಾಯಿ ಯಾಕೆ ಸತ್ತಳು ಅಂತ ಕೇಳಿದವರಿಗೆ ನಮ್ಮ ಮೊಮ್ಮಕ್ಕಳ ಕಾಲದಲ್ಲೂ ಗೊತ್ತಿಲ್ಲ ಅಂತಾನೇ ಹೇಳಬೇಕಾಗುತ್ತೆ. ಅದನ್ನೂ ಬರ್ಕೊಳ್ಳಿ."

ಮೈಕು ಸಿಕ್ಕರೆ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತನ್ನ ಕಾಲ ಕೆಳಗಿನ ನೆಲವನ್ನೇ ಎತ್ತಿ ಇನ್ನೊಬ್ಬರಿಗೆ ಹಾಸಿಕೊಟ್ಟವರನ್ನು ಅವತ್ತೇ ನೋಡಿದ್ದು. ನಮ್ಮ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಹುಡುಕುವ ಹುಡುಗಿ ಇವಳೇನಾ ಎನ್ನಿಸಿತು. ಪಕ್ಕಕ್ಕೆ ತಿರುಗಿದರೆ, ಹಣೆ ಚಚ್ಚಿಕೊಂಡಿದ್ದ ಮಗ ಎದ್ದು ನಿಂತಿದ್ದ.

ಕ್ಲಿನಿಕ್ ಉಳಿಯಿತು. ಲ್ಯಾಬಿನ ಅನುದಾನ ನಿಂತಿತು. ಮಹಡಿಯ ಕೋಣೆಗೆ ಬೀಗ ಬಿತ್ತು. ಅವಳಿಗೆ ಕ್ಲಿನಿಕ್ಕಿನಲ್ಲೇ, ತೂಕದ ಯಂತ್ರದ ಪಕ್ಕ ಒಂದು ಮೇಜು ಕೊಟ್ಟರು. ಅಲ್ಲಿ ಕುಳಿತು ಬಿ.ಪಿ. ನೋಡುತ್ತಾಳೆ, ಬಿಡುವು ಸಿಕ್ಕಾಗ ಬೇರೆ ಬೇರೆ ಕಡೆಗೆ ಹಣ ಕೇಳಿ ಬರೆಯುತ್ತಾಳೆ.

ಮೊನ್ನೆ ನಾನೂ ಬಿ.ಪಿ. ತೋರಿಸಲು ಹೋಗಿದ್ದೆ. ನನ್ನ ಮುಂದಿದ್ದ ಬಸುರಿ ತೋಳಿನ ಪಟ್ಟಿ ಬಿಚ್ಚಿಸಿಕೊಳ್ಳುತ್ತ, "ಮೇಡಂ, ನನ್ನ ಮಾಸೂ ಇಟ್ಕೊಳ್ತೀರಾ?" ಎಂದಳು.

"ಲ್ಯಾಬಿಗೆ ಬೀಗ ಹಾಕಿದ್ದಾರಲ್ಲಮ್ಮ."

"ತೆಗೆಸಿ. ನಂಗಿನ್ನೂ ಐದು ತಿಂಗಳಿದೆ."

ಸೊಸೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಪೆನ್ನು ತೆಗೆದು, "ಹೆಸರು ಹೇಳು" ಎಂದಳು.